ಬಿಡಿಸುವುದೂ ಬಡಿಯುವುದೂ

ಯಾರೂ ನೋಡದ ಸ್ಥಳದಲ್ಲಿ, ತನ್ನ ಸ್ವಂತ ವಸ್ತುವಿನ ಮೇಲೆ, ತನ್ನ ಕೈಯಿಂದಲೇ ಒಬ್ಬನು ಹಾಕಿದ ಪೆಟ್ಟು ಆತನೊಬ್ಬನಿಗೇ ಸೇರಿದುದೋ, ಅಥವಾ ಅದರಲ್ಲಿ ಅನ್ಯರಿಗೂ ಪಾಲುಂಟೋ? ಈ ಪ್ರಶ್ನೆಯು ತರ್ಕಗ್ರಂಥದ ಹಾಳೆಗಳಲ್ಲಿ ಹುಟ್ಟಿದುದಲ್ಲ. ನಮ್ಮ ಬೀದಿಯ ಬೇವಿನ ಮರದ ಕೆಳಗೆ, ಒಂದು ಲಾರಿಯ ಅಡಿಯಲ್ಲಿ ಹುಟ್ಟಿದುದು. ಲಾರಿಗೂ ಧರ್ಮವಿಚಾರಕ್ಕೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಾರದು. ಮನುಷ್ಯನ ಮನಸ್ಸು ಪೂಜೆಯ ವೇಳೆಯಲ್ಲಿ ಅಡಗಿ ಕುಳಿತಿರಬಹುದು. ಜಂಗು ಹಿಡಿದ ಕಬ್ಬಿಣದ ಮುಂದೆ ಅದು ತನ್ನ ನಿಜಸ್ವರೂಪವನ್ನು ತೋರದೆ ಇರದು.

ನೆರೆಮನೆಯ ಗೃಹಸ್ಥರೊಬ್ಬರು ಸ್ವಂತ ಲಾರಿಯನ್ನು ತಾವೇ ನಡೆಸಿ ಸಂಸಾರ ಸಾಗಿಸುವವರು. ಅದು ಟಾಟಾ 407 ಎಂಬ ಸಣ್ಣ ಲಾರಿ. 1986ರಲ್ಲಿ ಮೊದಲು ಹೊರಬಂದ ಆ ಜಾತಿಯ ವಾಹನಗಳು ನಮ್ಮ ಕಡೆಯ ಈರುಳ್ಳಿ ಮೆಣಸಿನಕಾಯಿಗಳನ್ನು ಇಂದಿಗೂ ಹೊರುತ್ತಿವೆ. ಅದರ ಸ್ಟೇರಿಂಗ್ ಪೆಟ್ಟಿಗೆಯಿಂದ ಎಣ್ಣೆ ಜಿನುಗತೊಡಗಿತು. ಸೋರಿಕೆಯನ್ನು ತಡೆಯುವ ರಬ್ಬರಿನ ಸೀಲು ಸವೆದಿತ್ತು. ಸೀಲಿನ ಬೆಲೆ ಅಲ್ಪ. ಆದರೆ ಅದನ್ನು ಬದಲಿಸಬೇಕಾದರೆ ಅದರ ಮುಂದೆ ಬಾಗಿಲು ಕಾಯುವವನಂತೆ ಕುಳಿತಿರುವ ಕಬ್ಬಿಣದ ತೋಳೊಂದನ್ನು ಮೊದಲು ಬಿಡಿಸಬೇಕು. ಇದಕ್ಕೆ ಗ್ಯಾರೇಜಿನವರು ಡ್ರಾಪ್ ಆರ್ಮ್ ಎನ್ನುತ್ತಾರೆ, ಕೆಲವರು ಪಿಟ್‌ಮನ್ ಆರ್ಮ್ ಎನ್ನುತ್ತಾರೆ. ಈ ಎರಡನೆಯ ಹೆಸರಿನ ಮೂಲವು ಸ್ವಾರಸ್ಯವಾದುದು. ದಿಮ್ಮಿಯನ್ನು ಗುಂಡಿಯ ಮೇಲಿಟ್ಟು ಇಬ್ಬರು ಗರಗಸ ಎಳೆಯುತ್ತಿದ್ದ ಕಾಲದಲ್ಲಿ ಗುಂಡಿಯೊಳಗೆ ನಿಂತು, ಮೇಲಿಂದ ಬೀಳುವ ಮರದ ಹೊಟ್ಟನ್ನೆಲ್ಲ ಮುಖಕ್ಕೆ ತೆಗೆದುಕೊಳ್ಳುತ್ತಿದ್ದವನೇ ಇಂಗ್ಲಿಷಿನ ಪಿಟ್‌ಮನ್. ಮುಂದೆ ಆತನ ಕೆಲಸವನ್ನು ಯಂತ್ರದ ಒಂದು ಸರಳು ಮಾಡತೊಡಗಿದಾಗ ಅದಕ್ಕೂ ಆತನ ಹೆಸರೇ ಬಂದಿತು. ದುಡಿದವನು ಹೋದನು, ಹೆಸರು ಕಬ್ಬಿಣದಲ್ಲಿ ಉಳಿಯಿತು.

ಈ ತೋಳಿನ ಮಹತ್ವವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗಲಾರದು. ಚಾಲಕನು ಸ್ಟೇರಿಂಗ್ ಚಕ್ರವನ್ನು ತಿರುಗಿಸಿದರೆ ಪೆಟ್ಟಿಗೆಯೊಳಗಿನ ತಿರುಪು ತಿರುಗುತ್ತದೆ. ಅದರಿಂದ ಹಲ್ಲುಗಳುಳ್ಳ ಒಂದು ಅಡ್ಡದಂಡವು ಹೊರಳುತ್ತದೆ. ದಂಡದ ತುದಿಗೆ ಕೂಡಿಸಿದ ಈ ತೋಳು ಹಿಂದಕ್ಕೂ ಮುಂದಕ್ಕೂ ತೂಗಿ, ಸರಳುಗಳ ಮೂಲಕ ಮುಂದಿನ ಗಾಲಿಗಳನ್ನು ತಿರುವುತ್ತದೆ. ಚಾಲಕನ ಸಂಕಲ್ಪವು ಗಾಲಿಗೆ ಮುಟ್ಟುವುದಕ್ಕೆ ಇದಲ್ಲದೆ ಬೇರೆ ಹಾದಿಯಿಲ್ಲ. ಇದು ಕಳಚಿದರೆ ಕೈಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಲಾರಿಯು ತನ್ನ ದಾರಿಯನ್ನು ತಾನು ಹಿಡಿಯುತ್ತದೆ.

ಇಷ್ಟು ಹೊಣೆ ಹೊತ್ತ ಭಾಗವಾದುದರಿಂದ ಅದನ್ನು ಸುಲಭವಾಗಿ ಬಿಡದಂತೆಯೇ ಮಾಡಿದ್ದಾರೆ. ದಂಡದ ತುದಿಯು ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತ ಹೋಗುತ್ತದೆ, ಮೈಮೇಲೆ ಕಿರುಹಲ್ಲುಗಳಿವೆ. ನಟ್ಟನ್ನು ಬಿಗಿದಂತೆಲ್ಲ ತೋಳು ಅದರ ಮೇಲೆ ಬೆಣೆಯ ಹಾಗೆ ಏರಿ ಕುಳಿತುಕೊಳ್ಳುತ್ತದೆ. ಇಳಿಜಾರು ಅತ್ಯಲ್ಪವಾದ ಕಾರಣ ಘರ್ಷಣೆಯೇ ಅದನ್ನು ಹಿಡಿದಿಡುತ್ತದೆ. ನಟ್ಟು ತೆಗೆದ ಮಾತ್ರಕ್ಕೆ ಬಂಧ ಬಿಡುವುದಿಲ್ಲ. ಇದರ ಮೇಲೆ ಮಳೆಗಾಲಗಳ ಕೆಸರು, ಜಂಗು. ಹೇಳತಕ್ಕದ್ದೇನು!

ಗಾಲಿಗಳಿಗೆ ಕಲ್ಲು ಕೊಟ್ಟು, ತೋಳಿಗೂ ದಂಡಕ್ಕೂ ಕೂಡಿದಂತೆ ಗುರುತಿನ ಗೆರೆ ಎಳೆದು ಅವರು ಕೆಲಸಕ್ಕೆ ಇಳಿದರು. ಗುರುತಿಲ್ಲದೆ ಬಿಚ್ಚಿ ಒಂದು ಹಲ್ಲು ತಪ್ಪಿಸಿ ಕೂಡಿಸಿದರೆ ಸ್ಟೇರಿಂಗಿನ ನಡುವೇ ತಪ್ಪಿ, ಲಾರಿಯು ಒಂದು ಕಡೆಗೆ ಕಡಿಮೆ, ಇನ್ನೊಂದು ಕಡೆಗೆ ಹೆಚ್ಚು ತಿರುಗುವುದು. ಟಾರ್ಚು ಹಿಡಿಯುವ ಕಾಯಕವು ನನ್ನ ಪಾಲಿಗೆ ಬಂದಿತ್ತು. ನಟ್ಟು ಬಂದಿತು, ತೋಳು ಬರಲಿಲ್ಲ. ಸನ್ನೆಕೋಲು ಹಾಕಿ ಮೀಟಿದರು, ಬರಲಿಲ್ಲ. ಹೊತ್ತು ಮುಳುಗಿತು. ಮರುದಿನ ಬೆಳಗಿಗೆ ಬಾಡಿಗೆಯೊಂದು ಗೊತ್ತಾಗಿತ್ತು. ಆಗ ಅವರು ದೊಡ್ಡ ಸುತ್ತಿಗೆಯನ್ನೆತ್ತಿ ದಂಡದ ತುದಿಗೇ ನೇರವಾಗಿ ಹೊಡೆದರು. ಎರಡನೆಯ ಪೆಟ್ಟಿಗೆ ಕೈ ಎತ್ತಿದವರು ತಾವಾಗಿಯೇ ಇಳಿಸಿದರು.

ಇಲ್ಲಿ ಒಂದು ಶಬ್ದವಿಚಾರವನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ‘ಸಾಹಸ’ವೆಂದರೆ ಕನ್ನಡಿಗರಾದ ನಮಗೆ ಹೊಗಳಿಕೆಯ ಮಾತು. ಆದರೆ ಸಂಸ್ಕೃತದಲ್ಲಿ ‘ಸಹಸ್’ ಎಂದರೆ ಬಲ. ಬಲಾತ್ಕಾರದಿಂದ ಮಾಡಿದುದು ಸಾಹಸ. ಮನುಸ್ಮೃತಿಯು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯಸ್ಥಾನಕ್ಕೆ ಬರತಕ್ಕ ವಿವಾದಗಳಲ್ಲಿ, ಸಾಹಸವೂ ಒಂದು. ಒಂದೇ ಶಬ್ದವು ಒಂದು ಕಡೆ ಪ್ರಶಸ್ತಿಯಾಗಿ, ಇನ್ನೊಂದು ಕಡೆ ಅಪರಾಧವಾಗಿ ನಿಂತಿದೆ. ಸುತ್ತಿಗೆಯನ್ನು ಎತ್ತಿದವನಿಗೆ ತಾನು ಯಾವ ಅರ್ಥದ ಸಾಹಸಿ ಎಂಬುದು ತಿಳಿಯುವುದೇ ಕಷ್ಟ.

ಮರುದಿನ ಬೆಳಿಗ್ಗೆ ಬಾಡಿಗೆಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟು ಅವರು ಪುಲ್ಲರ್ ಎಂಬ ಸಾಧನವನ್ನು ಎರವಲು ತಂದರು. ರಾತ್ರಿಯೆಲ್ಲ ಸಂದಿಗೆ ಜಂಗು ಸಡಿಲಿಸುವ ಎಣ್ಣೆ ಇಳಿದಿತ್ತು. ಪುಲ್ಲರಿನ ಎರಡು ಕೊಕ್ಕೆಗಳು ತೋಳನ್ನು ಹಿಂದಿನಿಂದ ಹಿಡಿಯುತ್ತವೆ. ನಡುವಿನ ತಿರುಪು ದಂಡದ ತುದಿಯನ್ನು ಒತ್ತುತ್ತದೆ. ಬಿಟ್ಟಾಗ ತೋಳು ಸಿಡಿದು ಮುಖಕ್ಕೆ ಬಡಿಯದಿರಲೆಂದು ನಟ್ಟನ್ನು ಕೆಲವೇ ಸುತ್ತು ಮರಳಿ ಹಾಕಿದ್ದರು. ತಿರುಪನ್ನು ಬಿಗಿದು, ಸ್ವಲ್ಪ ಕಾದು, ಮತ್ತೆ ಬಿಗಿದರು. ಬೇಸತ್ತ ನಾನು, “ದೀಪದಿಂದ ಕಾಯಿಸಿದರಾಗದೆ?” ಎಂದೆ. “ಗುರುಗಳೇ, ಬಡಿದು ಮಾಡಿದ ಉಕ್ಕಿಗೆ ಒಂದು ಹದ ಕೊಟ್ಟಿರುತ್ತಾರೆ, ಕಾಯಿಸಿದರೆ ಅದು ಕೆಡುತ್ತದೆ” ಎಂದರು. ಶಾಲೆಯಲ್ಲಿ ಹದದ ಮಾತನ್ನು ಹೇಳುವವನು ನಾನು! ಕೆಲಹೊತ್ತಿನ ಮೇಲೆ, ಬಂದೂಕು ಹಾರಿದಂತೆ ಒಂದು ಸದ್ದಾಗಿ ತೋಳು ಬಿಟ್ಟುಕೊಂಡಿತು.

ನನ್ನ ಸಂಶಯ ಆಗ ಮೊದಲಾಯಿತು. ಸುತ್ತಿಗೆಗಿಂತ ಪುಲ್ಲರಿನ ಬಲವೇನು ಸೌಮ್ಯವೆ? ಅಲ್ಲ, ಅದು ಹಲವು ಟನ್ನುಗಳ ಬಲ. ಹಾಗಾದರೆ ಒಂದನ್ನು ಹಿಂಸೆಯೆಂದೂ ಇನ್ನೊಂದನ್ನು ಉಪಾಯವೆಂದೂ ಕರೆಯುವುದೇಕೆ? ಯೋಚಿಸಿದಾಗ ಹೊಳೆದುದಿಷ್ಟು: ಪುಲ್ಲರು ತೋಳನ್ನು ಎಷ್ಟು ಎಳೆಯುತ್ತದೆಯೋ ದಂಡವನ್ನು ಅಷ್ಟೇ ಒತ್ತುತ್ತದೆ; ಆ ಸೆಳೆತವೆಲ್ಲ ಒಂದಕ್ಕೊಂದು ಅಂಟಿಕೊಂಡ ಆ ಎರಡರ ನಡುವೆಯೇ ಮುಗಿಯುತ್ತದೆ, ಮೂರನೆಯದಕ್ಕೆ ತಾಗುವುದಿಲ್ಲ. ದಂಡದ ತುದಿಗೆ ಬಿದ್ದ ಸುತ್ತಿಗೆಯ ಪೆಟ್ಟಾದರೋ ಅಂಟಿನ ಬಳಿ ನಿಲ್ಲದೆ ದಂಡದುದ್ದಕ್ಕೂ ಓಡಿ, ಪೆಟ್ಟಿಗೆಯೊಳಗಿನ ಬೇರಿಂಗು, ಹಲ್ಲು, ಆಚೆಯ ಮುಚ್ಚಳದ ತಿರುಪು ಇವುಗಳ ಮೇಲೆ ಬೀಳುತ್ತದೆ. ಅವು ಯಾರನ್ನೂ ತಡೆದಿರಲಿಲ್ಲ. ಬಲವೆಷ್ಟು ಎಂಬುದಕ್ಕಿಂತ ಅದು ಯಾರ ಮೇಲೆ ಹೋಗಿ ನಿಲ್ಲುತ್ತದೆ ಎಂಬುದೇ ಭೇದಕ. ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಅಣ್ಣತಮ್ಮಂದಿರ ಹೊಲದ ಜಗಳವು ಹೊಲದಲ್ಲಿ ಮುಗಿಯದೆ ಒಳಮನೆಯ ಮಕ್ಕಳ ಮೇಲೆ ಬೀಳುವುದನ್ನು ನಾವು ಕಂಡಿಲ್ಲವೆ?

ತೋಳು ಬಂದಿತು, ಸೀಲು ಸಿದ್ಧವಾಗಿತ್ತು. ಎಲ್ಲವನ್ನೂ ಕೂಡಿಸಿ ಹೊರಟುಬಿಡಬಹುದಾಗಿತ್ತು. ಆದರೆ ಅವರು ಕೈಯೊರಸಿಕೊಂಡು ಪೆಟ್ಟಿಗೆಯನ್ನೇ ನೋಡುತ್ತ ಕುಳಿತರು. “ನಿನ್ನೆಯ ಆ ಒಂದು ಪೆಟ್ಟು ಒಳಗೆ ಏನು ಮಾಡಿದೆಯೋ ಹೊರಗಿನಿಂದ ಕಾಣದು” ಎಂದರು. ಪೆಟ್ಟಿಗೆಯನ್ನು ಇಳಿಸಿ, ಪಟ್ಟಣಕ್ಕೆ ಒಯ್ದು, ಬಿಚ್ಚಿಸಿ ನೋಡಬೇಕಾದರೆ ಇನ್ನೆರಡು ದಿನದ ದುಡಿಮೆ ಹೋಗುವುದು, ಕೂಲಿ ಬೇರೆ. ಅವರ ತಾಯಿ ಕಟ್ಟೆಯ ಮೇಲಿಂದ, “ಒಂದೇ ಪೆಟ್ಟಲ್ಲವೇನಪ್ಪಾ? ಯಾರು ನೋಡಿದರು?” ಎಂದರು. ಆ ಮುದುಕಿ ಕೆಟ್ಟ ಮಾತನ್ನಾಡಿದರೆಂದು ನಾನು ಹೇಳಲಾರೆ. ಅಕ್ಕಿಯ ಡಬ್ಬಿಯ ತಳವನ್ನು ದಿನವೂ ನೋಡುವವರು ಅವರು. ಸಂಬಳದ ಮನುಷ್ಯನಾದ ನನಗೆ ಧರ್ಮಬೋಧೆ ಅಗ್ಗ.

ಆದರೂ ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನೋಡಿದವರು ಇಲ್ಲದಿರಬಹುದು, ತಾಳಬೇಕಾದವರು ಇದ್ದಾರೆ. ಎದುರಿನಿಂದ ಸೈಕಲ್ಲಿನಲ್ಲಿ ಬರುವ ಹುಡುಗನಿಗೆ ಈ ಬೇವಿನ ಮರವೂ ಗೊತ್ತಿಲ್ಲ, ಈ ಸುತ್ತಿಗೆಯೂ ಗೊತ್ತಿಲ್ಲ. ಆತನು ಲಾರಿಯು ತನ್ನ ಪಕ್ಕದಲ್ಲಿಯೇ ಇರುವುದೆಂದು ನಂಬಿ ಪೆಡಲು ತುಳಿಯುತ್ತಾನೆ. ಆತನ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ವಸ್ತು ನನ್ನದು, ನಷ್ಟ ನನ್ನದು ಎಂಬ ಮಾತು ಅಂಗಳದಲ್ಲಿ ನಿಂತ ಲಾರಿಗೆ ಸಲ್ಲಬಹುದು, ರಸ್ತೆಗಿಳಿದ ಲಾರಿಗೆ ಸಲ್ಲದು. ತಪ್ಪು ಮಾಡಿದುದಕ್ಕಿಂತ, ಮಾಡಿದೆನೆಂದು ತಿಳಿದೂ ತಿಳಿಯದವರ ಮೇಲೆ ಅದನ್ನು ಹೊರಿಸಿ ಕಳುಹಿಸುವುದು ಹೆಚ್ಚಿನದೆಂದು ನನ್ನ ಅಭಿಪ್ರಾಯ.

ನಾನು ಇದನ್ನೆಲ್ಲ ಅವರಿಗೆ ಹೇಳಲಿಲ್ಲ, ಹೇಳುವ ಪ್ರಮೇಯವೂ ಬರಲಿಲ್ಲ. ಅವರು ತಾಯಿಗೆ ಉತ್ತರ ಕೊಡದೆ ಮತ್ತೆ ಲಾರಿಯ ಕೆಳಗೆ ತೂರಿಕೊಂಡರು. ಮಧ್ಯಾಹ್ನದ ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಪಟ್ಟಣಕ್ಕೆ ಹೋದರು. ಮೂರನೆಯ ದಿನ ಮರಳಿದಾಗ ನಾನೇ ಕುತೂಹಲದಿಂದ ಎದ್ದು ಹೋಗಿ ಕೇಳಿದೆ. ತುದಿಯ ಮರೆ ಒಂದಿಷ್ಟು ಚಪ್ಪಟೆಯಾಗಿದ್ದುದನ್ನು ಸರಿಪಡಿಸಿದ್ದರಂತೆ. ಒಳಗೆ ಬೇರಿಂಗು, ಹಲ್ಲು ಎಲ್ಲವೂ ನೆಟ್ಟಗಿದ್ದುವಂತೆ.

“ಹಾಗಾದರೆ ಖರ್ಚು ವ್ಯರ್ಥವಾಯಿತಲ್ಲ!” ಎಂದೆ, ಪರೀಕ್ಷಿಸುವ ಮಾಸ್ತರಿಕೆಯ ಚಟದಿಂದ.

ಅವರು ಗೆರೆಗೆ ಗೆರೆ ಕೂಡಿಸಿ ತೋಳನ್ನು ಏರಿಸುತ್ತಿದ್ದರು. “ಟಾರ್ಚನ್ನು ಸ್ವಲ್ಪ ಈ ಕಡೆಗೆ ಹಿಡಿಯಿರಿ ಗುರುಗಳೇ” ಎಂದರು.