ಸಾಯಂಕಾಲದ ಅತಿಥಿ

ಧರ್ಮಶಾಸ್ತ್ರಕಾರರು ಅತಿಥಿಯೆಂಬ ಶಬ್ದವನ್ನು ಬಿಡಿಸುವಾಗ, ಬಂದವನ ಸಿರಿತನವನ್ನಾಗಲಿ ಅವನೊಡನಿರುವ ಬಳಕೆಯನ್ನಾಗಲಿ ಎಣಿಸದೆ, ಅವನು ನಿಲ್ಲುವ ಕಾಲವನ್ನೇ ಲಕ್ಷಣವಾಗಿ ಹಿಡಿದರು. ಒಂದೇ ರಾತ್ರಿ ತಂಗುವವನು, ಸ್ಥಿತಿಯು ನಿತ್ಯವಲ್ಲದವನು, ಅತಿಥಿ. (ಮನುಸ್ಮೃತಿಯು ಈ ಸ್ಥಳದಲ್ಲಿ ವರ್ಣದ ಮಾತನ್ನೂ ಹಚ್ಚಿದೆ, ಇಂದಿನ ಗೃಹಸ್ಥನು ಅದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳುವದೇ ಯೋಗ್ಯ.) ಅಂಥ ಅತಿಥಿಗಳಲ್ಲಿಯೂ ಸಂಜೆಗೆ ಬಂದವನಿಗೆ ಒಂದು ವಿಶೇಷವಾದ ಹೆಸರುಂಟು: ಸೂರ್ಯೋಢ. ಮುಳುಗುವ ಸೂರ್ಯನೇ ಹೊತ್ತು ತಂದು ಬಾಗಿಲಿಗೆ ಇಳಿಸಿದವನೆಂದು ಅದರ ಅರ್ಥ. ಅವನು ಹೊತ್ತಿಗೆ ಸರಿಯಾಗಿ ಬಂದಿರಲಿ, ಹೊತ್ತು ಮೀರಿ ಬಂದಿರಲಿ, ಉಣ್ಣದೆ ಆ ಮನೆಯಲ್ಲಿ ಇರಬಾರದೆಂದು ವಿಧಿ.

ಬೆಂಗಳೂರಿನಂಥ ಮಹಾನಗರಕ್ಕೆ ಇಂಥ ಸೂರ್ಯೋಢರು ದಿನಕ್ಕೆ ಸಾವಿರಗಟ್ಟಲೆ. ಹಗಲೆಲ್ಲ ಅವರಿಗೆ ಕಚೇರಿ, ಆಸ್ಪತ್ರೆ, ವ್ಯಾಪಾರ, ಪರೀಕ್ಷೆ. ದೀಪ ಹಚ್ಚುವ ಹೊತ್ತಾಯಿತೆಂದರೆ ಕೆಲಸವೂ ಇಲ್ಲ, ಮಾತಾಡುವವರೂ ಇಲ್ಲ. ಹೊಟ್ಟೆಯ ಹಸಿವೆಗೆ ಖಾನಾವಳಿಗಳು ಬೇಕಾದಷ್ಟಿವೆ. ಕಣ್ಣು ಕಿವಿಗಳ ಹಸಿವೆಗೆ ನಗರವು ಏನನ್ನು ನೀಡಬೇಕು? ಈ ಪ್ರಶ್ನೆಗೆ ಹೊಟೇಲಿನವರೂ ಪ್ರವಾಸದ ಏರ್ಪಾಡು ಮಾಡುವವರೂ ಕಂಡುಕೊಂಡ ಉತ್ತರಕ್ಕೆ ‘ಸಾಂಸ್ಕೃತಿಕ ಸಂಜೆ’ಯೆಂದು ಹೆಸರು. ಒಂದು ತಾಸಿನೊಳಗೆ ಭರತನಾಟ್ಯದ ಒಂದು ತುಣುಕು, ಯಕ್ಷಗಾನದ ಒಂದು ವೇಷದ ಕುಣಿತ, ಡೊಳ್ಳು, ಕಂಸಾಳೆ. ಅದರ ಬೆನ್ನಿಗೆ ಊಟ. ಈ ರೂಢಿ ಬೆಂಗಳೂರಿಗೆ ಮಾತ್ರ ಹತ್ತಿದ್ದಲ್ಲ. ರಾತ್ರಿಯೆಲ್ಲ ನಡೆಯತಕ್ಕ ಕಥಕಳಿಯನ್ನು ಕೊಚ್ಚಿಯಲ್ಲಿ ಸಂಜೆಯ ಒಂದೆರಡು ತಾಸಿಗೆ ಇಳಿಸಿ, ಬಣ್ಣ ಹಚ್ಚಿಕೊಳ್ಳುವದನ್ನೂ ಪರಸ್ಥಳದವರ ಎದುರಿಗೇ ನಡೆಸುತ್ತಾರೆ. ಜಪಾನಿನ ಕ್ಯೋಟೋ ನಗರದ ಗಿಯೋನ್ ಕೇರಿಯಲ್ಲಿ 1962ರಿಂದ ಚಹದ ವಿಧಿ, ಹೂವಿನ ಜೋಡಣೆ, ಬೊಂಬೆಯಾಟ ಮೊದಲಾದ ಏಳು ಕಲೆಗಳನ್ನು ಒಂದು ತಾಸಿನೊಳಗೆ ತೋರಿಸುವ ಏರ್ಪಾಡು ಬಹುಕಾಲ ನಡೆದು ಬಂದಿತು. ಒಂದೊಂದು ಕಲೆಗೂ ಒಂದೊಂದು ಜನ್ಮ ಸಾಲದೆಂದು ಹೇಳುವ ದೇಶವದು!

ಇದರಲ್ಲಿ ರಂಜನೆಯಿಲ್ಲವೆಂದು ಯಾರೂ ಹೇಳರು. ಪ್ರಶ್ನೆಯು ರಂಜನೆಯದಲ್ಲ, ಧರ್ಮದ್ದು.

ಕಮತಗಿಯ ನೇಕಾರ ಮನೆತನದ ಹಿರಿಯರೊಬ್ಬರು ಯುಗಾದಿ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋದರು. ಮಗನಿಗೆ ಹಗಲು ಬಿಡುವಿಲ್ಲ. ತಂದೆಯನ್ನು ಸುಮ್ಮನೆ ಕೂಡ್ರಿಸಿದೆನೆಂಬ ಸಂಕೋಚ ಬೇರೆ. ಆದ್ದರಿಂದ ಒಂದು ಸಂಜೆ, ಸಾಕಷ್ಟು ಹಣ ತೆತ್ತು, ಮೇಲೆ ಹೇಳಿದಂಥ ಒಂದು ಪ್ರದರ್ಶನಕ್ಕೆ ಅವರನ್ನು ಕರೆದೊಯ್ದನು. ಅಲ್ಲಿ ಐದು ಕುಣಿತಗಳ ನಡುವೆ ಶ್ರೀಕೃಷ್ಣಪಾರಿಜಾತದ ಒಂದು ತುಣುಕೂ ಬಂದಿತು. ತಮ್ಮ ಕಡೆಯ ಆಟವನ್ನು ಅಷ್ಟು ದೂರದಲ್ಲಿ ಕಂಡ ಮುದುಕರು ಸೆಟೆದು ಕುಳಿತರು. ಅವರು ಸರಿಯಾಗಿ ಕೂಡ್ರುವಷ್ಟರಲ್ಲಿ ಅದು ಮುಗಿದು ಡೊಳ್ಳು ಬಂದಿತು. ಮನೆಗೆ ಮರಳುವಾಗ ಅವರು ಮಗನನ್ನು ಕೇಳಿದರು:

“ತಮ್ಮಾ, ಇದನ್ನ ನೀ ಎಷ್ಟು ಸಲ ನೋಡೀದಿ?”

“ಇಲ್ಲಪ್ಪಾ, ನಾನೂ ಇವತ್ತ ನೋಡಿದ್ದು. ನೀವು ಬಂದೀರಿ ಅಂತ ಕರಕೊಂಡು ಬಂದೆ.”

“ಹನ್ನೆರಡು ವರ್ಷ ಆತು ನೀ ಈ ಊರಾಗ. ಮನ್ಯಾಗ ಉಣಲಾರದ್ದನ್ನ ಬಂದವರಿಗೆ ನೀಡಿದಂಗಾತು.”

ಆ ಹಿರಿಯರು ಸ್ಮೃತಿಗಳನ್ನು ಓದಿದವರಲ್ಲ. ಆದರೂ ಸೂರ್ಯೋಢನ ಮಾತು ಬಂದ ಶ್ಲೋಕದ ಮುಂದಿನ ಶ್ಲೋಕವನ್ನೇ ಅವರು ಮುಟ್ಟಿದರು. ಅತಿಥಿಗೆ ಉಣ್ಣಿಸದ ಪದಾರ್ಥವನ್ನು ಗೃಹಸ್ಥನು ತಾನೂ ಉಣ್ಣಬಾರದೆಂದು ಅಲ್ಲಿ ಹೇಳಿದೆ. ಮನೆಯ ಗಡಿಗೆಯೂ ಅತಿಥಿಯ ಗಡಿಗೆಯೂ ಒಂದೇ ಇರಬೇಕೆಂಬದು ಅದರ ತಾತ್ಪರ್ಯ. ತಾನು ತಿನ್ನದ್ದನ್ನು ಅತಿಥಿಗೆ ನೀಡಬಾರದೆಂದು ಸ್ಮೃತಿಕಾರನು ಅಲ್ಲಿ ಬೇರೆಯಾಗಿ ಹೇಳಲಿಲ್ಲ. ಯಾಕಂದರೆ ಹಾಗೆ ಮಾಡುವ ಗೃಹಸ್ಥನೊಬ್ಬನು ಹುಟ್ಟಬಹುದೆಂದು ಅವನಿಗೆ ತೋರಿರಲಿಕ್ಕಿಲ್ಲ. ಬೀಗರು ಬಂದ ದಿವಸ ಹೋಳಿಗೆ ಮಾಡುವದುಂಟಲ್ಲ, ಅದು ನಿತ್ಯದ ಅಡಿಗೆಯೇ ಎಂದು ಯಾರಾದರೂ ಕೇಳಬಹುದು. ಅಹುದು, ಅದು ನಿತ್ಯದ್ದಲ್ಲ. ಆದರೆ ಆ ದಿನದ ಹೋಳಿಗೆಯು ಮನೆಯ ಮಕ್ಕಳ ತಾಟಿಗೂ ಬೀಳುತ್ತದೆ. ಬೀಗರ ಎಲೆಗೆ ಮಾತ್ರ ಹೋಳಿಗೆ ನೀಡಿ ಮನೆಯವರು ಬಾಗಿಲು ಮುಚ್ಚಿಕೊಂಡು ಬೇರೆ ಏನನ್ನೋ ಉಂಡರೆ, ಬೀಗರು ಹೋಳಿಗೆಯ ಬಗೆಗೇ ಸಂಶಯ ತಾಳುವರು.

ಅನ್ನದ ವಿಷಯದಲ್ಲಿ ಇದು ಮರ್ಯಾದೆಯ ಮಾತು ಮಾತ್ರ; ಸವಿಯು ಅನ್ನದಲ್ಲಿಯೇ ಇರುವದರಿಂದ ಒಬ್ಬನೇ ಕುಳಿತು ಉಂಡರೂ ಹೊಟ್ಟೆ ತುಂಬುತ್ತದೆ. ಕಲೆಯ ವಿಷಯದಲ್ಲಿ ಹಾಗಲ್ಲ. ರಸವು ನಟನ ಬಳಿ ಗಂಟು ಕಟ್ಟಿ ಇಟ್ಟ ವಸ್ತುವಲ್ಲ, ಸಹೃದಯನ ಚಿತ್ತದಲ್ಲಿ ಹುಟ್ಟತಕ್ಕದ್ದು ಎಂಬದು ಅಭಿನವಗುಪ್ತಾಚಾರ್ಯರ ಮತ. ಪರಸ್ಥಳದವನಿಗೆ ಆ ಸಹೃದಯತೆ ಒಂದು ಸಂಜೆಯಲ್ಲಿ ಬರುವದೆಲ್ಲಿಂದ? ಪುಸ್ತಕದಿಂದ ಬಾರದು, ಬಾಗಿಲಲ್ಲಿ ಕೊಡುವ ಅಚ್ಚಿನ ಹಾಳೆಯಿಂದ ಬಾರದು. ಪಕ್ಕದಲ್ಲಿ ಕುಳಿತ ಊರವನಿಂದ ಬರುತ್ತದೆ.

ಪಾರಿಜಾತವನ್ನೇ ತೆಗೆದುಕೊಳ್ಳಿರಿ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು, ಕೌಜಲಗಿ ನಿಂಗಮ್ಮನವರಂಥ ಕಲಾವಿದರಿಂದ ಪ್ರಸಿದ್ಧಿಗೆ ಬಂದ ಈ ಆಟದ ಕಥೆ ಬಹಳ ಸಣ್ಣದು. ನಾರದರು ತಂದ ಒಂದು ಹೂವು ರುಕ್ಮಿಣಿಗೆ ಹೋಯಿತು; ಸತ್ಯಭಾಮೆ ಸಿಟ್ಟಾದಳು. ಇಷ್ಟಕ್ಕೆ ರಾತ್ರಿಯೆಲ್ಲ ಬೇಕೇ? ಬೇಕು. ಭಾಗವತನೂ ದೂತಿಯೂ ಎದುರುಬದುರಾಗಿ ಮಾತು ಬೆಳೆಸುವಾಗ ಆ ಮಾತು ವೇದಿಕೆಯಲ್ಲಿ ಮಾತ್ರ ಓಡಾಡುವದಿಲ್ಲ. ಮುಂದೆ ಕುಳಿತ ಮಂದಿಯನ್ನೂ ಮುಟ್ಟಿ ಮರಳುತ್ತದೆ. ಭಾಮೆಯ ಗರ್ವವನ್ನು ಕಂಡು ಸೊಸೆಯು ಅತ್ತೆಯ ಕಡೆಗೆ ನೋಡುತ್ತಾಳೆ, ಅತ್ತೆಯು ಕಾಣದವಳಂತೆ ಇರುತ್ತಾಳೆ. ಆಗ ಭಾಷೆ ತಿಳಿಯದ ಅತಿಥಿಯೂ ಏನೋ ನಡೆಯಿತೆಂದು ಕಿವಿ ನಿಮಿರಿಸುವನು. ಊರವರು ನಕ್ಕಾಗ ಮೊದಲು ಸುಮ್ಮನಿದ್ದು, ಎರಡನೆಯ ಸಲ ಕೇಳಿ, ಮೂರನೆಯ ಸಲ ತಾನೂ ನಗುವನು. ಸಭೆಯೆಲ್ಲ ಪರಸ್ಥಳದವರಿಂದಲೇ ತುಂಬಿದರೆ ಎಲ್ಲಿ ನಗಬೇಕೆಂಬದು ಯಾರಿಗೂ ತಿಳಿಯದು, ಚಪ್ಪಾಳೆಯೊಂದೇ ಉಳಿಯುತ್ತದೆ. ಅತಿಥಿಗೆ ಕಲೆಯನ್ನು ಕೊಟ್ಟು ಅದನ್ನು ಉಣ್ಣಲು ಬೇಕಾದ ಸಂಗಡಿಗರನ್ನು ಕಿತ್ತುಕೊಂಡಂತಾಯಿತು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು ಶಾಸ್ತ್ರದಿಂದಲೇ ಬರುವಂಥದು. ಭರತಮುನಿಯು ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪ್ರೇಕ್ಷಕನ ಗುಣಗಳನ್ನು ಉದ್ದಕ್ಕೂ ಎಣಿಸಿ, ಇವೆಲ್ಲವೂ ಒಬ್ಬನಲ್ಲಿಯೇ ಇರುವದು ಸಾಧ್ಯವಿಲ್ಲವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ತರುಣರಿಗೆ ಒಂದು ಸೇರಿದರೆ ವೃದ್ಧರಿಗೆ ಮತ್ತೊಂದು ಸೇರುವದೆನ್ನುತ್ತಾನೆ. ಪ್ರಯೋಗದ ಹೊತ್ತನ್ನು ಗೊತ್ತುಪಡಿಸುವಲ್ಲಿ ನಡುರಾತ್ರಿಯೂ ಸಂಧ್ಯಾಕಾಲವೂ ಊಟದ ಹೊತ್ತೂ ಬೇಡವೆಂದು ಹೇಳಿ, ಮರುಕ್ಷಣದಲ್ಲಿಯೇ, ಒಡೆಯನು ಅಪ್ಪಣೆ ಮಾಡಿದರೆ ದೇಶಕಾಲಗಳನ್ನು ನೋಡದೆ ಆಡಬೇಕೆಂದೂ ಹೇಳುತ್ತಾನೆ. ಹಾಗಾದರೆ ಇಂದಿನ ಒಡೆಯನು ಪ್ರವಾಸಿಯು, ಅವನಿಗೆ ಬೇಕಾದುದು ಒಂದು ತಾಸು, ಅದೂ ಊಟದ ಹೊತ್ತಿಗೇ, ಆಡಿದರೆ ತಪ್ಪೇನು? ತಪ್ಪು ಹೊತ್ತಿನದಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಧ್ವನಿವರ್ಧಕವನ್ನು ತಡೆಯುವ ನಿಯಮವು 2000ದಲ್ಲಿ ಬಂದ ಮೇಲೆ ಊರವರ ಆಟಗಳೇ ಸಂಜೆಗೆ ಸರಿಯುತ್ತಿವೆ. ಕಾಲಮಿತಿಯ ಯಕ್ಷಗಾನವನ್ನು ಕರಾವಳಿಯವರೇ ನೋಡುತ್ತಿದ್ದಾರೆ. ಚಿಕ್ಕದಾಗುವದೂ ದೋಷವಲ್ಲ. ಬಲ್ಲ ಗಾಯಕನ ಬಾಯಿಂದ ಬಂದ ಒಂದೇ ವಚನವು ಐದು ನಿಮಿಷದಲ್ಲಿ ಮುಗಿದರೂ ಅದು ತುಂಡಲ್ಲ. ಇನ್ನು, ಭರತನು ಹೇಳಿದ ಒಡೆಯನು ಊರಿನ ಅರಸನು. ನಟನ ನಾಳಿನ ಹೊಟ್ಟೆಯೂ ಅವನ ಹೊಣೆ. ಮರುದಿನ ವಿಮಾನವೇರುವವನಿಗೆ ಒಡೆತನವನ್ನು ಒಪ್ಪಿಸಬಹುದೇ?

ಎರಡನೆಯ ಆಕ್ಷೇಪವು ಹೊಟ್ಟೆಯದು, ಆದ್ದರಿಂದ ಹೆಚ್ಚು ಗಟ್ಟಿಯಾದದ್ದು. ಊರಲ್ಲಿ ಆಡಿಸುವವರಿಲ್ಲದ ಕಲಾವಿದನಿಗೆ ನಗರದ ಈ ಸಂಜೆಗಳಿಂದ ನಾಲ್ಕು ಕಾಸು ಹುಟ್ಟುವದಾದರೆ ಅದನ್ನು ಹಳಿಯುವವನು ಆ ಕಾಸನ್ನು ತಾನು ಕೊಡುವನೇ? ಈ ಪ್ರಶ್ನೆಗೆ ತಲೆ ಬಾಗಲೇಬೇಕು. ಕಲಾವಿದನ ಮೇಲೆ ಇಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆದರೆ ಅವನಿಗೂ ಇದರಲ್ಲಿ ಒಂದು ಹಾನಿಯುಂಟು. ಹತ್ತು ನಿಮಿಷದ ಕುಣಿತಕ್ಕೆ ಮಾತ್ರ ಕರೆ ಬರುವಲ್ಲಿ ಶಿಷ್ಯನು ಹತ್ತು ನಿಮಿಷವನ್ನೇ ಕಲಿಯುವನು. ಉಳಿದ ರಾತ್ರಿಯು ಗುರುವಿನೊಡನೆ ಹೋಗುವದು. ಆಮೇಲೆ ಊರವರೇ ಬಂದು ಪೂರ್ತಿಯ ಆಟ ಬೇಕೆಂದರೂ ಕೊಡುವವರಾರು?

ಟಿಕೀಟು ಕೊಂಡವನು ಗಿರಾಕಿಯೇ ಹೊರತು ಅತಿಥಿಯಲ್ಲವೆಂಬದು ಇನ್ನೊಂದು ವಾದ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ತೈತ್ತಿರೀಯ ಶೀಕ್ಷಾವಲ್ಲಿಯ ಉಪದೇಶವನ್ನು ಪ್ರವಾಸೋದ್ಯಮದ ಘೋಷಣೆಯಾಗಿ ಮಾಡಿಕೊಂಡ ದೇಶದಲ್ಲಿ ಈ ವಾದವು ನಿಲ್ಲುವದಿಲ್ಲ.

ಬೆಂಗಳೂರು ಈ ಧರ್ಮವನ್ನು ಅರಿಯದ ಊರೆಂದು ಯಾರೂ ತಿಳಿಯಬಾರದು. ಅತಿಥಿಗಳಿಗಾಗಿ ಅಲ್ಲದೆ ತನಗಾಗಿ ಆ ಊರು ಮಾಡಿಕೊಂಡ ಸಂಜೆಗಳು ಅಲ್ಲಿ ಬಹಳ. ಠಾಕೂರರ ಶತಾಬ್ದಿಯ ನೆನಪಿಗಾಗಿ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರವುಂಟು. ಪಿಟೀಲು ವಿದ್ವಾಂಸ ಚೌಡಯ್ಯನವರ ಹೆಸರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ 1980ರಲ್ಲಿ ಎದ್ದ ಸಭಾಗೃಹವುಂಟು. ಶಂಕರನಾಗರ ನೆನಪಿನ ರಂಗಶಂಕರವು 2004ರಿಂದ ನಾಟಕವನ್ನು ದಿನದ ಊಟದಂತೆ ನೀಡುತ್ತ ಬಂದಿದೆ. ಹೊತ್ತಾದ ಮೇಲೆ ಬಂದವರನ್ನು, ಅವರಾರೇ ಇರಲಿ, ಒಳಗೆ ಬಿಡದ ಕಟ್ಟುನಿಟ್ಟಿಗೆ ಅದು ಹೆಸರಾಗಿದೆ. ಹೊತ್ತು ಮೀರಿದ ಸೂರ್ಯೋಢನಿಗೆ ಅಲ್ಲಿ ಊಟವಿಲ್ಲ. ಈ ಒಂದು ವಿಷಯದಲ್ಲಿ ರಂಗಭೂಮಿಯ ಧರ್ಮವು ಗೃಹಸ್ಥಧರ್ಮಕ್ಕಿಂತ ಕಠಿಣ. ಚೈತ್ರದ ಹುಣ್ಣಿವೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗವು ಹೊರಡುವಾಗ ಟಿಕೀಟಿಲ್ಲ, ಪೀಠವಿಲ್ಲ. ಪರಸ್ಥಳದವನಿಗೆ ಊರವರ ಹೆಗಲುಗಳ ನಡುವಿನ ಸಂದಿಯೇ ಗತಿ. ವೀರಕುಮಾರರ ಕತ್ತಿಗಳು ಅವನಿಗೆ ಅರ್ಧ ಕಂಡಾವು, ಮಲ್ಲಿಗೆಯ ಕರಗವು ಕಣ್ಣು ಪಿಳುಕಿಸುವಷ್ಟರಲ್ಲಿ ಹೋದೀತು. ಆದರೂ ಅವನು ಊರವನು ಕಂಡದ್ದನ್ನೇ ಕಂಡನು. ಕರಗವು ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುವದೇಕೆಂದು ಪಕ್ಕದವನನ್ನು ಕೇಳಿದರೆ ಅಚ್ಚಿನ ಹಾಳೆಗಿಂತ ಉದ್ದವಾದ ಉತ್ತರವೇ ಸಿಗುವದು.

ಕಮತಗಿಯ ಕಡೆಯ ಸುಶಿಕ್ಷಿತ ಮನೆಗಳು ಮಹಾನಗರವನ್ನು ನೋಡಿ ನಗುವಂತಿಲ್ಲ. ಪುಷ್ಯದ ಹುಣ್ಣಿವೆಗೆ ನೆರೆಯುವ ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳು ಒಂದೇ ರಾತ್ರಿ ಎರಡು ಮೂರು ಆಟ ಕಟ್ಟುತ್ತವೆ. ಚಕ್ಕಡಿ ಹೂಡಿಕೊಂಡು ಬಂದ ರೈತನೂ ದೂರದಿಂದ ಬಂದ ಬೀಗನೂ ಒಂದೇ ಡೇರೆಯಲ್ಲಿ ಕುಳಿತು ಬೆಳಗು ಮಾಡುವ ರೂಢಿ ಅಲ್ಲಿಯದು. ಆ ಡೇರೆಯಲ್ಲಿ ಮಾಸ್ತರರ, ವಕೀಲರ, ಡಾಕ್ಟರರ ಮನೆಯವರು ಎಷ್ಟು ಮಂದಿ? ಬೆಂಗಳೂರಿನಿಂದ ಬಂಧುಗಳು ಬಂದರೆ ಹಗಲು ಮೋಟಾರಿನಲ್ಲಿ ಐಹೊಳೆ ಪಟ್ಟದಕಲ್ಲುಗಳನ್ನು ತೋರಿಸಿ ತರುತ್ತಾರೆ. ಭರತನ ಮತವನ್ನು ಬಲ್ಲ ಅಚಲನೆಂಬ ನಟನನ್ನು ಪಟ್ಟದಕಲ್ಲಿನ ಒಂದು ಶಾಸನವು ಹೊಗಳಿದೆ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಮಲಪ್ರಭೆಯ ದಂಡೆಯ ಮೇಲೆ ನಟನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಅಕ್ಕರೆಯಿತ್ತು. ಅದನ್ನು ಕೇಳಿದ ಬಂಧುಗಳು, ಸಂಜೆಗೆ ಎಲ್ಲಿಯಾದರೂ ಪಾರಿಜಾತವುಂಟೇ ಎಂದು ಕೇಳಿದರೆ, ಮನೆಯ ಯಜಮಾನನು ಯಾವ ಊರಲ್ಲಿ ಮೇಳವಿದೆಯೆಂಬದನ್ನೇ ಅರಿಯದೆ ದೂರದರ್ಶನದ ಗುಂಡಿಯನ್ನು ಒತ್ತುತ್ತಾನೆ. ಸರಕಾರದ ಉತ್ಸವಗಳಿಗೆ ಪರಸ್ಥಳದವರನ್ನು ಕಳಿಸಿ ತಾನು ಮನೆಯಲ್ಲಿ ಉಳಿಯುವವನೂ ಇವನೇ. ನಾಳೆ ನಗರದಲ್ಲಿ ಹನ್ನೆರಡು ವರ್ಷ ಇದ್ದು ಏನನ್ನೂ ನೋಡದ ಮಗನು ಬೆಳೆಯುವದು ಇಂಥ ಮನೆಯಲ್ಲಿಯೇ.

ಆ ಮಗನ ಸಂಗತಿಯನ್ನು ಅರ್ಧಕ್ಕೆ ಬಿಡಬಾರದು. ತಂದೆಯ ಮಾತು ಅವನಿಗೆ ನಾಟಿತೋ, ಇಲ್ಲವೆ ಊರಿಗೆ ಮರಳುವ ಬಸ್ಸಿಗೆ ಇನ್ನೂ ಎರಡು ದಿನವಿದ್ದವೆಂದೋ, ಮರುಸಂಜೆ ಅವನು ಅವರನ್ನು ಚಾಮರಾಜಪೇಟೆಗೆ ಕರೆದೊಯ್ದನು. 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವದ ಸಂಗೀತವು ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ನಡೆದಿತ್ತು. ಮಗನಿಗೆ ಅದೂ ಮೊದಲನೆಯ ಸಲವೇ. ಧಾರವಾಡದ ಕಡೆಯ ಗಾಯನವನ್ನು ಕೇಳಿ ಬೆಳೆದ ಮುದುಕರಿಗೆ ಕರ್ನಾಟಕ ಸಂಗೀತದ ಕೀರ್ತನೆ ಹೊಸದು. ಮಗನಿಗೆ ಎರಡೂ ಹೊಸವು. ಪಕ್ಕದಲ್ಲಿ ಕುಳಿತ ಒಬ್ಬ ಮುದುಕಿಯು ತೊಡೆಯ ಮೇಲೆ ತಾಳ ಹಾಕುತ್ತಿದ್ದವಳು ಇವರ ಬೆರಳುಗಳು ತಪ್ಪುವದನ್ನು ಕಂಡು, ಏನೂ ಮಾತಾಡದೆ, ತನ್ನ ಕೈಯನ್ನು ಇವರಿಗೆ ಕಾಣುವಂತೆ ತುಸು ಎತ್ತಿ ಹಿಡಿದಳು. ಬಿಡುವಿನಲ್ಲಿ ತನ್ನ ಡಬ್ಬಿಯಿಂದ ಕೋಸಂಬರಿಯನ್ನು ಕೊಟ್ಟಳು. ಕಮತಗಿಗೆ ಮರಳಿದ ಮೇಲೆ ಹಿರಿಯರಿಗೆ ಹಾಡಿದವರ ಹೆಸರು ನೆನಪಿಗೆ ಬರಲಿಲ್ಲ. ಮಗ್ಗದ ಕುಣಿಯಲ್ಲಿ ಕುಳಿತು ಲಾಳಿ ಓಡಿಸುವಾಗ ಆ ತಾಳವನ್ನು ಮಾತ್ರ ಹಾಕಿ ತೋರಿಸುತ್ತಿದ್ದರು, ಒಂದೆರಡು ಕಡೆ ತಪ್ಪಿಸಿ.