ಊರಿಗೆ ಮರಳುವ ಹಲ್ಲಿನ ಡಾಕ್ಟರು

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಶಿವನಸಮುದ್ರ ದೂರವೇನಲ್ಲ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೂ ದೀಪ ಕೊಟ್ಟಿತು. ಸುತ್ತಲಿನ ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ನಮ್ಮ ಓದಿದ ಮಕ್ಕಳ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ.

ಪ್ರಿಯ ಓದುಗರೇ, ಇಂಥ ಊರಿನ ರೈತರ ಮಗನೋ ಮಗಳೋ ದಂತವೈದ್ಯರಾದರು ಎಂದುಕೊಳ್ಳೋಣ. ನಾಲ್ಕು ವರ್ಷ ಓದು, ಒಂದು ವರ್ಷ ತರಬೇತಿ. ಕಬ್ಬಿನ ಹಣ, ಬ್ಯಾಂಕಿನ ಸಾಲ, ತಾಯಿಯ ಓಲೆ ಎಲ್ಲವೂ ಅದಕ್ಕೇ. ಓದು ಮುಗಿದೊಡನೆ ನಾವು ಕೇಳುತ್ತೇವೆ: ಊರಿಗೆ ಮರಳುವುದು ನಿನ್ನ ಕರ್ತವ್ಯವಲ್ಲವೇ? ಕರ್ತವ್ಯವೆಂದೇ ನಾನೂ ನಂಬಿದ್ದೇನೆ. ಆದರೆ ಸಾಲ ವಸೂಲಿಗೆ ಬಂದವರ ದನಿಯಲ್ಲಿ ಅದನ್ನು ಕೇಳುವ ಹಕ್ಕು ನಮಗಿದೆಯೇ?

ಮಂಡ್ಯದ ಡಾ. ಶಂಕರೇಗೌಡರ ಹೆಸರು ಇಲ್ಲಿ ಎಲ್ಲರ ಬಾಯಲ್ಲಿದೆ. ಶಿವಳ್ಳಿಯವರು, ಚರ್ಮರೋಗ ತಜ್ಞರು. ಐದೇ ರೂಪಾಯಿ ಪಡೆದು ಸಾವಿರಾರು ಬಡವರನ್ನು ನೋಡಿ 'ಐದು ರೂಪಾಯಿ ಡಾಕ್ಟರು' ಎನಿಸಿಕೊಂಡವರು. ಅವರಿಗೆ ಕೈಮುಗಿಯೋಣ. ಆದರೆ ಅವರನ್ನು ತೋರಿಸಿ ಹಲ್ಲಿನ ಡಾಕ್ಟರನ್ನು ಹಂಗಿಸುವುದು ನ್ಯಾಯವಲ್ಲ. ಚರ್ಮದ ಕಾಯಿಲೆಯನ್ನು ಬಹುಪಾಲು ಕಣ್ಣಿನಿಂದ ನೋಡಿ ಚೀಟಿ ಬರೆಯಬಹುದು. ಹಲ್ಲಿಗೆ ಕುರ್ಚಿ ಬೇಕು, ಕಂಪ್ರೆಸರ್ ಬೇಕು, ಎಕ್ಸ್‌ರೇ ಬೇಕು. ಕರೆಂಟು ಹೋದರೆ ರೋಗಿಯ ಬಾಯೊಳಗೇ ಡ್ರಿಲ್ಲು ನಿಲ್ಲುತ್ತದೆ. ಶಿವನಸಮುದ್ರದ ಪಕ್ಕದಲ್ಲಿದ್ದರೂ ಅಷ್ಟೇ!

ಇನ್ನೊಂದು ಸಂಕಟ ಇದಕ್ಕಿಂತ ದೊಡ್ಡದು. ನಮ್ಮವರು ಲವಂಗ ಕಚ್ಚಿಕೊಂಡು ದಿನ ದೂಡಿ, ಕೆನ್ನೆ ಊದಿದ ಮೇಲೆ ಬರುತ್ತಾರೆ. "ಕಿತ್ತುಬಿಡಿ ಸಾರ್, ಇನ್ನೊಂದ್ಸಲ ಬರಕ್ಕಾಗಲ್ಲ." ಹಲ್ಲನ್ನು ಉಳಿಸಬಹುದಾಗಿರುತ್ತದೆ. ಆದರೆ ಬೇರಿನ ನಾಳವನ್ನು ಶುಚಿಮಾಡಿ ತುಂಬಿ, ಮೇಲೆ ಕ್ಯಾಪು ಹಾಕಲು ಹಲವು ಸಲ ಬರಬೇಕು. ಪ್ರತಿ ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಕೀಳುವುದು ಅಗ್ಗ, ರೋಗಿ ಬೇಡುವುದೂ ಅದನ್ನೇ. ಕಿತ್ತರೆ ಮನಸ್ಸಾಕ್ಷಿ ಚುಚ್ಚುತ್ತದೆ, ಕೀಳದೆ ಕಳುಹಿಸಿದರೆ ಬಡವ ನೋವು ಹೊತ್ತುಕೊಂಡು ಹೋಗುತ್ತಾನೆ. ನನ್ನ ಮಟ್ಟಿಗೆ, ಸರದಿ ಎಷ್ಟೇ ಇರಲಿ ಹತ್ತು ನಿಮಿಷ ಕೂತು ಬಿಡಿಸಿ ಹೇಳಿ, ಹಣವನ್ನು ಕಂತಿನಲ್ಲಿ ಕೊಡಲು ಒಪ್ಪಿ, ಅಷ್ಟಾದರೂ ಬೇಡವೆಂದರೆ ಜೋಪಾನವಾಗಿ ಕೀಳುವ ವೈದ್ಯರು ತಪ್ಪು ಮಾಡಿದವರಲ್ಲ. ಆ ಹತ್ತು ನಿಮಿಷಕ್ಕೆ ಯಾರೂ ಫೀಸು ಕೊಡುವುದಿಲ್ಲ. ಅದೂ ಒಂದು ಪ್ರಾರ್ಥನೆಯೇ.

ಈಗ ನಮ್ಮ ಸರದಿ. ಸಂತ ಲೂಕರನ್ನು ಸಂತ ಪೌಲರು ವೈದ್ಯರೆಂದೇ ಕರೆಯುತ್ತಾರೆ. ಅವರ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಾವು ಬೆಳೆದ ನಜರೇತಿಗೆ ಬರುತ್ತಾರೆ. ವೈದ್ಯನ ಬಗೆಗಿನ ಗಾದೆಯೊಂದನ್ನು ಅವರು ನೆನೆಯುವುದೂ ಅಲ್ಲಿಯೇ. ಇವನು ಜೋಸೆಫನ ಮಗನಲ್ಲವೇ ಎಂದ ಜನ, ಕೊನೆಗೆ ಅವರನ್ನು ಗುಡ್ಡದಿಂದ ತಳ್ಳಲು ಹೊರಟರು. ನಾವು ಗುಡ್ಡಕ್ಕೆ ಕರೆದೊಯ್ಯುವುದಿಲ್ಲ, ನಿಜ. "ನಮ್ಮ ಚೌರಪ್ಪನ ಮಗ ತಾನೇ, ಅವನಿಗೇನು ದುಡ್ಡು ಕೊಡೋದು" ಎನ್ನುತ್ತೇವೆ. ಸಣ್ಣ ಕೆಲಸಕ್ಕೆ ಅವನಲ್ಲಿ ಚೌಕಾಸಿ. ದೊಡ್ಡ ಕೆಲಸಕ್ಕೆ ಮೈಸೂರಿನ ಬಸ್ಸು ಹತ್ತಿ ಕೇಳಿದಷ್ಟು ಕೊಡುತ್ತೇವೆ. ಎರಡು ವರ್ಷಕ್ಕೆ ಬಾಗಿಲು ಮುಚ್ಚಿ ಹುಡುಗ ನಗರಕ್ಕೆ ಹೊರಟರೆ, ದುಡ್ಡಿನ ಆಸೆ ಎಂದು ದೇವಾಲಯದ ಮೆಟ್ಟಿಲ ಮೇಲೆ ಮಾತಾಡಿಕೊಳ್ಳುತ್ತೇವೆ.

ಸ್ವಂತ ಊರಿನಲ್ಲಿ ಯೇಸುಸ್ವಾಮಿ ಕೈಯಿಟ್ಟು ಗುಣಪಡಿಸಿದ್ದು ಕೆಲವೇ ರೋಗಿಗಳನ್ನು ಎಂದು ಸಂತ ಮಾರ್ಕರು ಬರೆದಿದ್ದಾರೆ. ಜೋಸೆಫನ ಮಗನೆಂದು ಗೊತ್ತಿದ್ದೂ ನಂಬಿ ಹೋದ ಆ ಕೆಲವರು ಯಾರಿದ್ದರೋ!