ಯಜಮಾನನು ಯಾರು?

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಸಾಗುವ ದಾರಿಯಲ್ಲಿ, ಮಾರಿಕಣಿವೆಯ ನೀರಿನ ಹರವನ್ನು ಹಿಂದಕ್ಕೆ ಬಿಟ್ಟು ಒಣ ಹೊಲಗಳ ನಡುವೆ ಬಂದೊಡನೆ, ಅಲ್ಲೊಂದು ಇಲ್ಲೊಂದು ಕಾಡುಗೊಲ್ಲರ ಹಟ್ಟಿಗಳು ಕಣ್ಣಿಗೆ ಬೀಳುತ್ತವೆ. ಅಂತಹ ಒಂದು ಹಟ್ಟಿಯಲ್ಲಿ, ನನ್ನ ಯೌವನಕಾಲದಲ್ಲಿ, ಜುಂಜಪ್ಪನ ಪದವನ್ನು ಇರುಳೆಲ್ಲ ಕೇಳಿದ್ದೆನೆಂದು ಹೇಳಿಕೊಳ್ಳುವ ರೂಢಿ ನನಗಿದೆ; ಆದರೆ ವಿಚಾರಮಾಡಿ ನೋಡಿದರೆ ‘ಕೇಳಿದ್ದೆ’ ಎಂಬ ಮಾತು ಅಲ್ಲಿ ಸಲ್ಲದು. ದನಗಾಹಿಯಾಗಿ ಬಾಳಿ ದೈವವಾದ ಆ ವೀರನ ಕಥೆಯನ್ನು ಹಿರಿಯನೊಬ್ಬನು ಎತ್ತಿಕೊಡುವನು. ಅವನ ಕೈಯಲ್ಲಿ ಗಣೆಯೆಂಬ ನೀಳವಾದ ಬಿದಿರ ಕೊಳಲು. ಅವನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಸುತ್ತ ಕುಳಿತವರೆಲ್ಲರೂ ಸೊಲ್ಲು ಹಿಡಿಯುವರು. ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೂ ಹಿಡಿಯುವಳು, ಕಂಬಳಿ ಹೊದ್ದು ತೂಕಡಿಸುತ್ತಿದ್ದ ಮುದುಕನೂ ಎಚ್ಚತ್ತು ಹಿಡಿಯುವನು. ಸೊಲ್ಲು ಹಿಡಿಯಲಾರದೆ ಬರಿದೆ ಕುಳಿತಿದ್ದವನು ನಾನೊಬ್ಬನೇ. ಆದುದರಿಂದ ಕೇಳುಗನೆಂಬ ಜಾತಿಗೆ ಸೇರಿದವನು ಆ ರಾತ್ರಿ ಅಲ್ಲಿ ನಾನೊಬ್ಬನೇ ಆಗಿದ್ದೆ.

ಇಂತಹ ಪದಗಳು ಆಕಾಶವಾಣಿಯಲ್ಲಿಯೂ ತರುವಾಯ ದೂರದರ್ಶನದಲ್ಲಿಯೂ ಬರತೊಡಗಿದಾಗ, ದೈವದ ಸೇವೆಗೆಂದು ಹುಟ್ಟಿದ ಹಾಡು ಯಂತ್ರದೊಳಗೆ ಹೊಕ್ಕ ಮೇಲೆ ಸೇವೆಯಾಗಿ ಉಳಿಯುವುದೇ ಎಂಬ ಪ್ರಶ್ನೆಯನ್ನು ಚಿತ್ರದುರ್ಗದ ನನ್ನ ಮಿತ್ರರು ಎತ್ತಿದ್ದರು. ಆಚಾರವಂತರು, ಪೆಟ್ಟಿಗೆಯೊಳಗೆ ದೇವರು ಬರುವುದುಂಟೇ ಎಂದರು. ಉದಾರಮತಿಗಳು, ಸರ್ವವ್ಯಾಪಿಯಾದ ದೇವರು ಪೆಟ್ಟಿಗೆಯನ್ನು ಮಾತ್ರ ಬಿಡುವನೇ ಎಂದರು. ಎರಡು ಉತ್ತರಗಳೂ ನಮ್ಮ ಸೀಮೆಗೆ ಒಪ್ಪುವಂಥವಲ್ಲ. ಹೊಳಲ್ಕೆರೆಯ ಗಣಪತಿಯು ಬಯಲು ಗಣಪತಿಯೆನಿಸಿಕೊಂಡು ಬಿಸಿಲುಮಳೆಗಳಲ್ಲಿ ಕುಳಿತಿರುವುದು ನಿಜವಾದರೂ, ಇದೇ ಸೀಮೆಯ ಮ್ಯಾಸಬೇಡರ ದೇವರುಗಳು ಪೆಟ್ಟಿಗೆಯಲ್ಲಿಯೇ ವಾಸಿಸುವ ದೇವರುಗಳು. ಕಾಲ ಬಂದಾಗ ಪೆಟ್ಟಿಗೆಯನ್ನು ಹೊತ್ತು ಹೊಳೆಗೆ ಹೋಗುವರು, ಪೂಜಿಸುವರು, ಮರಳಿ ಮುಚ್ಚಿಡುವರು. ಪೆಟ್ಟಿಗೆಯೆಂಬ ಕಾರಣದಿಂದಲೇ ದೇವರು ಮುನಿಯುವನೆಂದು ಹೇಳಲು ಇಲ್ಲಿ ಯಾರಿಗೂ ಬಾಯಿ ಬರಲಾರದು. ಹಾಗಾದರೆ ಪ್ರಶ್ನೆಯೇ ಬೇರೆಯದಿರಬೇಕು.

ಆ ಬೇರೆಯ ಪ್ರಶ್ನೆ ನನಗೆ ಹೊಳೆದದ್ದು ತೀರ ದೂರದ ಒಂದು ಉದಾಹರಣೆಯಿಂದ. ಅಮೆರಿಕದ ಹಳ್ಳಿಗಳಲ್ಲಿ ಹುಲ್ಲು ಧಾನ್ಯಗಳನ್ನು ತುಂಬುವ ದೊಡ್ಡ ಕೊಟ್ಟಿಗೆಗೆ ‘ಬಾರ್ನ್’ ಎಂದು ಹೆಸರು. ಅಂತಹ ಕೊಟ್ಟಿಗೆಯಲ್ಲಿ ನೆರೆಹೊರೆಯವರು ನೆರೆದು, ಪಿಟೀಲು ಬ್ಯಾಂಜೋಗಳ ಮೇಳದೊಡನೆ ಕುಣಿದು ಹಾಡುವುದೇ ‘ಬಾರ್ನ್ ಡ್ಯಾನ್ಸ್’. 1924ರಲ್ಲಿ ಚಿಕಾಗೋದ ಡಬ್ಲ್ಯು.ಎಲ್.ಎಸ್. ಎಂಬ ರೇಡಿಯೊ ಕೇಂದ್ರವೂ, ಮರುವರ್ಷ ನ್ಯಾಶ್ವಿಲ್ಲಿನ ಡಬ್ಲ್ಯು.ಎಸ್.ಎಂ. ಕೇಂದ್ರವೂ ಇದನ್ನು ಪ್ರಸಾರಕ್ಕೆ ತಂದವು. ನ್ಯಾಶ್ವಿಲ್ಲಿನ ಕಾರ್ಯಕ್ರಮಕ್ಕೆ 1927ರಲ್ಲಿ ಅದರ ನಿರೂಪಕನಾದ ಜಾರ್ಜ್ ಹೇ ಎಂಬಾತನು, ನಾಗರಿಕರ ಘನವಾದ ಆಪೆರಾವನ್ನು ಅಣಕಿಸಿ, ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೆಸರಿಟ್ಟನು. 1950ರ ದಶಕದಲ್ಲಿ ಇದೇ ಬಗೆಯ ಕೂಟಗಳು ದೂರದರ್ಶನವನ್ನು ಹೊಕ್ಕವು. ಕ್ಯಾಲಿಫೋರ್ನಿಯದ ಕಾಂಪ್ಟನ್ನಿನಿಂದ ‘ಟೌನ್ ಹಾಲ್ ಪಾರ್ಟಿ’ ಬಂದಿತು. 1955ರ ಜನವರಿಯಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಿಂದ ‘ಓಜಾರ್ಕ್ ಜುಬಿಲಿ’ ಇಡೀ ದೇಶಕ್ಕೆ ಕಾಣತೊಡಗಿತು. ಗುಡ್ಡಗಾಡಿನವನನ್ನು ಹಳಿಯುವ ‘ಹಿಲ್‌ಬಿಲಿ’ ಎಂಬ ಮಾತಿಗೆ ‘ರಾಕ್’ ಎಂಬುದನ್ನು ಬೆಸೆದು ‘ರಾಕಬಿಲಿ’ ಎಂದು ಕರೆಯಲಾದ ಚುರುಕು ಗಾನವೂ ಈ ವೇದಿಕೆಗಳನ್ನು ಏರಿತು. ಟೌನ್ ಹಾಲ್ ಪಾರ್ಟಿಯಲ್ಲಿ ಲ್ಯಾರಿ ಕಾಲಿನ್ಸ್ ಎಂಬ ಹುಡುಗನು ಎರಡು ಕತ್ತುಗಳುಳ್ಳ ಗಿಟಾರನ್ನು ಹಿಡಿದು ಕುಪ್ಪಳಿಸುತ್ತ ನುಡಿಸುತ್ತಿದ್ದುದನ್ನು ಇಂದಿಗೂ ಚಿತ್ರದಲ್ಲಿ ನೋಡಬಹುದು. ಆದರೆ ನನ್ನ ದೃಷ್ಟಿಯು ನಿಂತದ್ದು ಆ ಹುಡುಗನ ಮೇಲಲ್ಲ. ಅವನ ಹಿಂದೆ, ವೇದಿಕೆಯ ಮೇಲೆಯೇ, ಮೇಳದ ಇತರರೆಲ್ಲ ಸಾಲಾಗಿ ಕುಳಿತಿರುವರು. ತಮ್ಮ ಸರದಿ ಬರುವವರೆಗೆ ನಗುವರು, ಕಾಲಿನಿಂದ ತಾಳ ಹಾಕುವರು, ಚಪ್ಪಾಳೆ ತಟ್ಟುವರು. ಕೊಟ್ಟಿಗೆಯನ್ನು ಕಳೆದುಕೊಂಡ ಕೂಟವು ಕೊಟ್ಟಿಗೆಯ ನೆರವಿಯನ್ನೂ ಚಿತ್ರದೊಳಕ್ಕೆ ಒಯ್ದಿತ್ತು. ಮನೆಯಲ್ಲಿ ಕುಳಿತು ನೋಡುವವನು ಮಾಡಬೇಕಾದ ಕೆಲಸವನ್ನು ಅವನ ಪರವಾಗಿ ಅವರೇ ಮಾಡಿ ಮುಗಿಸುತ್ತಿದ್ದರು.

ಪರವಾಗಿ ಮಾಡುವುದೆಂದರೆ ಪ್ರಾತಿನಿಧ್ಯ. ಇದನ್ನು ವೇದದ ಯಾಗವಿಧಿಗಳನ್ನು ವಿಚಾರಿಸಿದ ನಮ್ಮ ಪೂರ್ವಮೀಮಾಂಸಕರಷ್ಟು ಕೂಲಂಕಷವಾಗಿ ಚರ್ಚಿಸಿದವರು ಜಗತ್ತಿನಲ್ಲಿ ವಿರಳ. ಯಾಗಕ್ಕೆ ವಿಹಿತವಾದ ವ್ರೀಹಿಯು ದೊರೆಯದಿದ್ದರೆ ನೀವಾರವೆಂಬ ಕಾಡುಬತ್ತವನ್ನು ಬಳಸಬಹುದು, ಸೋಮವು ದೊರೆಯದಿದ್ದರೆ ಪೂತೀಕವನ್ನು ಹಿಂಡಬಹುದು. ಆದರೆ ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಪ್ರತಿನಿಧಿಯಿಲ್ಲ, ಫಲವನ್ನು ಬಯಸಿ ಯಾಗಮಾಡುವ ಯಜಮಾನನಿಗೂ ಪ್ರತಿನಿಧಿಯಿಲ್ಲವೆಂದು ಅವರ ಸೂತ್ರಕಾರನಾದ ಜೈಮಿನಿಯ ಗ್ರಂಥದ ಆರನೆಯ ಅಧ್ಯಾಯವು ನಿರ್ಣಯಿಸುತ್ತದೆ. ಅದೇ ಅಧ್ಯಾಯವು ಯಾಗದ ಅಧಿಕಾರವನ್ನು ಮೂರು ವರ್ಣಗಳಿಗೆ ಮಾತ್ರ ಮೀಸಲಿಟ್ಟು, ನಮ್ಮ ಹಟ್ಟಿಯ ಹಿರಿಯನಂಥವರನ್ನು ಹೊರಗೆ ನಿಲ್ಲಿಸಿತೆಂಬುದನ್ನು ನಾನು ಮರೆತಿಲ್ಲ. ಹಟ್ಟಿಯವರು ಜೈಮಿನಿಯನ್ನು ಕೇಳಿದವರಲ್ಲ, ಜೈಮಿನಿಯು ಹಟ್ಟಿಯನ್ನು ಕಂಡವನಲ್ಲ. ಹಾಗಿದ್ದರೂ ಬಾಗಿಲು ಹಾಕಿದವನ ಮನೆಯ ಬೀಗದ ಕೈಯೇ ನಮ್ಮ ಪ್ರಶ್ನೆಗೆ ಹೊಂದುವುದಾದರೆ, ಅದನ್ನು ಬಳಸಲು ನಾನೇಕೆ ಸಂಕೋಚಪಡಬೇಕು?

ದ್ರವ್ಯಕ್ಕೆ ಪ್ರತಿನಿಧಿಯನ್ನು ಹುಡುಕುವುದರಲ್ಲಿ ಅಮೆರಿಕದ ಆ ಜನರೂ ಹಿಂದೆ ಬಿದ್ದವರಲ್ಲ. ಆಪ್ರಿಯು 1943ರಿಂದ 1974ರವರೆಗೆ ನಡೆದ ರೈಮನ್ ಭವನವು ಮೊದಲಿಗೆ ಪ್ರಾರ್ಥನಾಮಂದಿರ. ಉಗಿಹಡಗುಗಳ ಒಡೆಯನಾದ ಥಾಮಸ್ ರೈಮನ್ನನು ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನ ಉಪದೇಶಕ್ಕೆ ಮನಸೋತು ಕಟ್ಟಿಸಿದ ಅದು 1892ರಲ್ಲಿ ತೆರೆಯಿತು. ಹಾಡು ಕೇಳಲು ಬಂದವರು ಇಗರ್ಜಿಯ ಬೆಂಚುಗಳ ಮೇಲೆಯೇ ಕುಳಿತುಕೊಳ್ಳುತ್ತಿದ್ದರು. 1974ರಲ್ಲಿ ಹೊಸ ಕಟ್ಟಡಕ್ಕೆ ಹೋಗುವಾಗ, ಹಳೆಯ ವೇದಿಕೆಯಿಂದ ಆರು ಅಡಿ ಅಗಲದ ಓಕ್ ಮರದ ಚಕ್ರವೊಂದನ್ನು ಕೊಯ್ದು ಹೊಸ ವೇದಿಕೆಯ ನಡುವೆ ಕೂರಿಸಿದರು. ಹಾಡುವವರು ಈಗಲೂ ಅದರ ಮೇಲೆಯೇ ನಿಲ್ಲುವರು. ಸ್ಥಳವನ್ನು ಕದಲಿಸಲಾಗದೆ ಸ್ಥಳದ ತುಂಡೊಂದನ್ನು ಕದಲಿಸಿದ ಈ ಸಂಗತಿಯನ್ನು ಓದಿದಾಗ, ಮೂಲಸ್ಥಾನದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹೊಸ ಊರಲ್ಲಿ ಗುಡಿಯೆತ್ತಿದ ನಮ್ಮವರ ಕಥೆಗಳೇ ನೆನಪಾದವು. ಮಡಿಮೈಲಿಗೆಯೂ ಅವರಲ್ಲಿ ಇಲ್ಲದಿಲ್ಲ. 1957ರ ಜನವರಿಯಲ್ಲಿ ಎಲ್ವಿಸ್ ಪ್ರೆಸ್ಲಿಯನ್ನು ಎಡ್ ಸಲಿವನ್ನನ ಕಾರ್ಯಕ್ರಮದಲ್ಲಿ ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿದರಂತೆ. ಅಂದು ಅವನು ಹಾಡಿದ ಹಾಡುಗಳಲ್ಲಿ ಒಂದು ಭಕ್ತಿಗೀತೆ. ದೇಹದ ಅರ್ಧವನ್ನು ಕತ್ತರಿಸಿ ಭಕ್ತಿಗೆ ಜಾಗ ಮಾಡಿಕೊಟ್ಟ ಕ್ಯಾಮೆರಾದ ಈ ಮಡಿಯನ್ನು ಕಂಡರೆ ನಮ್ಮ ಊರಿನ ಅರ್ಚಕರಿಗೂ ಅಸೂಯೆಯಾದೀತು.

ಇರಲಿ. ಹಟ್ಟಿಯ ಪದಕ್ಕೆ ಹೋಲಿಸಬೇಕಾದದ್ದು ಸಾಮಾನ್ಯವಾದ ಯಾಗವನ್ನಲ್ಲ, ಸತ್ರವನ್ನು. ದಾರಿಹೋಕರಿಗೆ ಅನ್ನವಿಕ್ಕುವ ಛತ್ರವೆಂದು ತಿಳಿಯಬೇಡಿ. ಇದು ಬಹುದಿನಗಳ ಸೋಮಯಾಗ. ಇದರಲ್ಲಿ ಕನಿಷ್ಠಪಕ್ಷ 17 ಮಂದಿ ಸೇರುವರು. ಎಲ್ಲರೂ ಯಜಮಾನರು, ಯಾಗವನ್ನು ನಡೆಸಿಕೊಡುವ ಋತ್ವಿಜರೂ ಅವರೇ. ಕೊಡುವವನೂ ಕೊಳ್ಳುವವನೂ ಬೇರೆಯಾಗಿಲ್ಲದಿರುವುದರಿಂದ ಸತ್ರದಲ್ಲಿ ದಕ್ಷಿಣೆಯೆಂಬುದಿಲ್ಲ. ನಡುವೆ ಒಬ್ಬನು ತೀರಿಕೊಂಡರೆ ಬೇರೊಬ್ಬನನ್ನು ತಂದು ಸಂಖ್ಯೆಯನ್ನು ಪೂರೈಸಿ ಕರ್ಮವನ್ನು ಮುಗಿಸಬಹುದು. ಹಾಗೆ ಬಂದವನಿಗೆ ಮಾತ್ರ ಫಲವಿಲ್ಲ. ಸೊಲ್ಲು ಹಿಡಿಯುವ ನೆರವಿಯು ಇಂತಹದೇ ಒಂದು ಸತ್ರ. ಹಾಡಿಗೆ ಪ್ರಸಾರವೊದಗಿದಾಗ ಸತ್ರವು ಒಡೆದು ದಕ್ಷಿಣೆಯ ಯಾಗವಾಗುತ್ತದೆ: ಹಾಡುವವನು ಋತ್ವಿಜನಾಗುವನು, ಅವನ ಕೈಗೆ ಸಂಭಾವನೆ ಬರುವುದು, ಸಂಭಾವನೆ ಬಂದ ಮೇಲೆ ಕೊಡುವ ಯಜಮಾನನೊಬ್ಬನು ಎಲ್ಲಿಯಾದರೂ ಇರಲೇಬೇಕು. ದೇವರು ಪೆಟ್ಟಿಗೆಗೆ ಬಂದನೋ ಇಲ್ಲವೋ ಎಂಬ ವಾದಕ್ಕಿಂತ, ಈ ಯಜಮಾನನು ಯಾರೆಂದು ಕೇಳುವುದೇ ಹೆಚ್ಚು ಧಾರ್ಮಿಕವಾದ ಪ್ರಶ್ನೆಯೆಂದು ನಾನು ಎಣಿಸುತ್ತೇನೆ.

ಅಮೆರಿಕದಲ್ಲಿ ಅವನ ಹೆಸರು ಮರೆಯಾಗಿರಲಿಲ್ಲ. ಡಬ್ಲ್ಯು.ಎಲ್.ಎಸ್. ಎಂಬ ಮೂರಕ್ಷರಗಳು ಅದರ ಒಡೆತನ ಹೊಂದಿದ್ದ ಸಿಯರ್ಸ್ ಅಂಗಡಿಯು ಜಗತ್ತಿನಲ್ಲೆಲ್ಲ ದೊಡ್ಡ ಅಂಗಡಿಯೆಂದು ಸಾರುತ್ತಿದ್ದವು, ಡಬ್ಲ್ಯು.ಎಸ್.ಎಂ. ಎಂಬುದು ಲಕ್ಷಾಂತರ ಜನರನ್ನು ಕಾಯುವೆವೆಂಬ ವಿಮಾ ಕಂಪನಿಯೊಂದರ ಘೋಷಣೆ. ಮಾರ್ಥಾ ವೈಟ್ ಎಂಬ ಹಿಟ್ಟಿನ ಹೆಸರನ್ನಂತೂ ಆಪ್ರಿಯಲ್ಲಿ ಗಾಯಕರೇ ಹಾಡಿ ಹೊಗಳುತ್ತಿದ್ದರು. ಯಾಗದ ಫಲವೂ ಸ್ಪಷ್ಟವಾಗಿತ್ತು: ಹಿಟ್ಟು ಖರ್ಚಾಗುವುದು. ನಮ್ಮಲ್ಲಿ ರೇಡಿಯೊ ಇಟ್ಟುಕೊಂಡವರೆಲ್ಲ ಅಂಚೆಕಚೇರಿಗೆ ಹೋಗಿ ವರ್ಷ ವರ್ಷ ಲೈಸೆನ್ಸಿನ ಹಣ ಕಟ್ಟುತ್ತಿದ್ದ ಕಾಲದಲ್ಲಿ, ಒಬ್ಬೊಬ್ಬ ಶ್ರೋತೃವೂ ಒಂದೊಂದು ಹಿಡಿಯಷ್ಟು ಯಜಮಾನನಾಗಿದ್ದನೆಂದು ಹೇಳಬಹುದೇನೋ. ಅದನ್ನು ಕಟ್ಟಲು ನಿಂತಾಗ ನನಗೆ ಮಾತ್ರ ಅಂತಹ ಗೌರವದ ಅನುಭವವೇನೂ ಆಗಲಿಲ್ಲ. 1975ರಿಂದ ಒಂದು ವರ್ಷಕಾಲ ಅಮೆರಿಕದವರ ಉಪಗ್ರಹದ ಮೂಲಕ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನವು ಇಳಿದುಬಂದಾಗ ಯಜಮಾನನು ಭೂಮಿಯನ್ನೇ ಬಿಟ್ಟು ಮೇಲೆ ಹೋಗಿದ್ದನು. ಇದಕ್ಕೆ ಎದುರಾಗಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿರುವ ‘ಶಿವಸಂಚಾರ’ದ ತಂಡವು ಬಂದಿಳಿದಾಗ, ಕರೆಸಿಕೊಂಡವರು ಯಾರು, ಊಟಕ್ಕಿಟ್ಟವರು ಯಾರು ಎಂಬುದು ಊರಿಗೆಲ್ಲ ತಿಳಿದಿರುತ್ತದೆ.

ಮೇಲೆ ಹೇಳಿದ ಹಟ್ಟಿಯ ಹಿರಿಯನಿಗೂ ದೊಡ್ಡ ಪಟ್ಟಣದ ಒಂದು ಪ್ರಸಾರ ಕೇಂದ್ರದಿಂದ ಕರೆ ಬಂದಿತು. ಕಾಗದ ಓದಿ ಹೇಳಿದವನು ನಾನಾದ್ದರಿಂದ ಜೊತೆಗೆ ಹೋಗುವ ಭಾರವೂ ನನ್ನದಾಯಿತು. ಅಲ್ಲಿ ಮಡಲಿನ ಗುಡಿಸಲೊಂದನ್ನು ಕಟ್ಟಿ, ಮುಂದೆ ಮಡಕೆಗಳನ್ನು ಜೋಡಿಸಿ, ಎಂದೂ ಹಟ್ಟಿಯನ್ನು ಕಾಣದ ನಾಲ್ವರು ಯುವಕರಿಗೆ ಕಂಬಳಿ ಹೊದಿಸಿ ಕೂರಿಸಿದ್ದರು. ನಿರ್ವಾಹಕರು ಬಹು ವಿನಯದಿಂದ, “ಯಜಮಾನರೆ, ಹತ್ತು ನಿಮಿಷದಲ್ಲಿ ಮುಗಿಸಿಕೊಡಬೇಕು” ಎಂದರು. ಅವನು ಯಜಮಾನನಾಗಿ ಉಳಿಯದ ಸ್ಥಳದಲ್ಲಿಯೇ ಅವನಿಗೆ ಆ ಸಂಬೋಧನೆ ದೊರೆಯಿತಲ್ಲಾ ಎಂದು ನಾನು ಒಳಗೊಳಗೇ ನಕ್ಕೆ. ಮುದುಕನು ಕಂಬಳಿಯ ಯುವಕರನ್ನು ಒಬ್ಬೊಬ್ಬರನ್ನಾಗಿ ನೋಡಿ, “ಇವರು ಸೊಲ್ಲು ಹಿಡಿತಾರಾ ಸ್ವಾಮಿ?” ಎಂದು ಕೇಳಿದನು. ಅವರು ತಲೆದೂಗಿದರೆ ಸಾಕೆಂದು ಉತ್ತರ ಬಂದಿತು. ಅವನು ಹಾಡಿದನು, ಅವರು ತಲೆದೂಗಿದರು. ಚೆನ್ನಾಗಿಯೇ ಹಾಡಿದನೆಂದು ಒಪ್ಪಬೇಕು.

ತಿಂಗಳೆರಡು ಕಳೆದ ಮೇಲೆ ಚೆಕ್ಕು ಬಂದಿತು. ಅದನ್ನು ಹಿಡಿದು ಅವನು ನನ್ನ ಮನೆಯ ಜಗುಲಿಯ ಮೇಲೆ ಕುಳಿತನು. ಹಣವನ್ನು ದೇವರ ಎಣ್ಣೆಗೆ ಕೊಡುವುದೆಂದು ಹಟ್ಟಿಯಲ್ಲಿ ಆಗಲೇ ತೀರ್ಮಾನವಾಗಿತ್ತು. ಅವನ ತೊಡಕು ಬೇರೆಯಾಗಿತ್ತು. “ಕೊಟ್ಟೋರ ಹೆಸರು ಹೇಳಿ ಹರಸಬೇಕಲ್ಲ ಸ್ವಾಮಿ. ಪದದ ಕೊನೇಲಿ ಯಾರ ಹೆಸರು ಹೇಳ್ಲಿ?” ಎಂದನು. ನಾನು ಕನ್ನಡಕವನ್ನು ಒರೆಸಿಕೊಂಡು ಚೆಕ್ಕಿನ ಕೆಳತುದಿಯಲ್ಲಿದ್ದ ರುಜುವನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಸುಳಿ, ಅದರಿಂದ ಹೊರಟ ಉದ್ದನೆಯ ಒಂದು ಗೀಟು. ಯಾವ ಅಕ್ಷರವೂ ಹತ್ತಲಿಲ್ಲ.